ಜಾಹೀರಾತು ಒತ್ತಿದವರನ್ನು ಎಲ್ಲಿ ಇಳಿಸುತ್ತೀರಿ? ಅಥಣಿ ಚಪ್ಪಲಿಯ ಒಂದು ಲೆಕ್ಕ

ನಮ್ಮ ಗಡಿ ಭಾಗದಲ್ಲಿ ಈಗ ಜಾಹೀರಾತು ಕೊಡೋದು ದೊಡ್ಡ ಮಾತಲ್ಲ. ಹಿಂದೆ ಪತ್ರಿಕೆಯ ಕಚೇರಿಗೆ ಹೋಗಬೇಕಿತ್ತು, ಇಲ್ಲವೇ ಸಂತೆಯ ದಿನ ಆಟೋಗೆ ಮೈಕು ಕಟ್ಟಿ ಊರು ಸುತ್ತಿಸಬೇಕಿತ್ತು. ಈಗ ಫೇಸ್‌ಬುಕ್ಕಿಗೆ ಒಂದು ಫೋಟೋ ಹಾಕಿ, ಅದರ ಕೆಳಗಿನ ‘ಬೂಸ್ಟ್’ ಗುಂಡಿ ಒತ್ತಿ, ಯುಪಿಐನಲ್ಲಿ ದುಡ್ಡು ಕಟ್ಟಿದರೆ ಆಯಿತು. ಸ್ವಲ್ಪ ಹೊತ್ತಿನಲ್ಲಿ ಬೆಂಗಳೂರು, ಪುಣೆ, ಮುಂಬೈ ಜನರ ಫೋನಿನಲ್ಲಿ ನಿಮ್ಮ ಫೋಟೋ ಕಾಣಿಸಿಕೊಳ್ಳುತ್ತದೆ.

ಆದರೆ ಕಾಣಿಸೋದು ಬೇರೆ, ಮಾರಾಟ ಆಗೋದು ಬೇರೆ. ಈ ಎರಡರ ನಡುವೆ ಒಂದು ಹೆಜ್ಜೆ ಇದೆ. ಜಾಹೀರಾತು ನೋಡಿದ ಮನುಷ್ಯ ಅದರ ಮೇಲೆ ಬೆರಳು ಒತ್ತಿದ ಮೇಲೆ ಎಲ್ಲಿಗೆ ಬಂದು ಇಳಿಯುತ್ತಾನೆ? ಹಾಗೆ ಬಂದು ಇಳಿಯುವ ಜಾಗಕ್ಕೆ ಈ ಕಸುಬಿನವರು ‘ಲ್ಯಾಂಡಿಂಗ್ ಪೇಜ್’ ಅಂತಾರೆ. ನಾವು ಅದನ್ನು ‘ಇಳಿಯುವ ಪುಟ’ ಅಂತ ಕರೀತೀವಿ. ದುಡ್ಡು ಉಳಿಯೋದೂ ಹೋಗೋದೂ ಬಹುಪಾಲು ಅಲ್ಲೇ.

ನಾವು ಮಾರ್ಕೆಟಿಂಗ್ ಓದಿದವರಲ್ಲ, ಪತ್ರಿಕೋದ್ಯಮ ಓದಿದವರು. ಆದರೂ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಕಡೆ ಚಪ್ಪಲಿ ಮಾಡುವ ಮನೆಗಳಿಗೆ ಹೋದಾಗ ಸುದ್ದಿಗಿಂತ ಹೆಚ್ಚು ನಮ್ಮನ್ನು ಕೇಳಿದ್ದು ಈ ಪ್ರಶ್ನೆ: “ರೊಕ್ಕ ಹಾಕೇವ್ರಿ, ಲೈಕ್ ಬರ್ತಾವ, ಆರ್ಡರ್ ಯಾಕ ಬರವಲ್ವು?” ಉತ್ತರ ಹುಡುಕುತ್ತಾ ಹೋದಾಗ ತಿಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇವೆ.

ಮಾಲು ನಮ್ಮದು, ಹೆಸರು ಬೇರೆಯದು

ಮೊದಲು ಮಾಲಿನ ಮಾತು. ಜಗತ್ತು ‘ಕೊಲ್ಹಾಪುರಿ’ ಅಂತ ಕರೆಯುವ ಚಪ್ಪಲಿಯ ದೊಡ್ಡ ಭಾಗ ತಯಾರಾಗುವುದು ನಮ್ಮ ಈ ತಾಲೂಕುಗಳಲ್ಲಿ. ಅಥಣಿ, ನಿಪ್ಪಾಣಿ, ಮದಭಾವಿ ಹೆಸರು ಈ ಕಸುಬಿನವರಿಗೆಲ್ಲ ಗೊತ್ತು. 2019ರಲ್ಲಿ ಕೊಲ್ಹಾಪುರಿ ಚಪ್ಪಲಿಗೆ ಭೌಗೋಳಿಕ ಸೂಚಿಕೆ, ಅಂದರೆ ಜಿಐ ಟ್ಯಾಗ್ ಸಿಕ್ಕಿತು. ಅದು ಸಿಕ್ಕಿದ್ದು ಒಟ್ಟು ಎಂಟು ಜಿಲ್ಲೆಗಳಿಗೆ. ಮಹಾರಾಷ್ಟ್ರದ ಕೊಲ್ಹಾಪುರ, ಸಾಂಗ್ಲಿ, ಸಾತಾರಾ, ಸೋಲಾಪುರ ನಾಲ್ಕು. ನಮ್ಮ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ನಾಲ್ಕು. ಕರ್ನಾಟಕದ ಪರವಾಗಿ ಅರ್ಜಿ ಹಾಕಿದ್ದು ಲಿಡ್ಕರ್, ಮಹಾರಾಷ್ಟ್ರದ ಪರವಾಗಿ ಲಿಡ್‌ಕಾಮ್. ಎರಡೂ ಸರಕಾರದ ಚರ್ಮೋದ್ಯಮ ನಿಗಮಗಳು.

2025ರ ಜೂನ್‌ನಲ್ಲಿ ಇಟಲಿಯ ಮಿಲಾನ್ ನಗರದಲ್ಲಿ ಪ್ರಾಡಾ ಕಂಪನಿಯ ಫ್ಯಾಷನ್ ಪ್ರದರ್ಶನ ನಡೆದಾಗ ಅಲ್ಲಿನ ಮಾಡೆಲ್‌ಗಳ ಕಾಲಲ್ಲಿ ಇಂಥದೇ ಚಪ್ಪಲಿ ಇತ್ತು. ಎಲ್ಲಿಯ ಚಪ್ಪಲಿ ಅಂತ ಮೊದಲು ಹೇಳಿರಲಿಲ್ಲ. ಇಲ್ಲಿಂದ ಗದ್ದಲ ಎದ್ದ ಮೇಲೆ, ಇದು ಭಾರತದ ಕುಶಲಕರ್ಮಿಗಳ ಚಪ್ಪಲಿಯಿಂದ ಪ್ರೇರಣೆ ಪಡೆದದ್ದು ಅಂತ ಕಂಪನಿ ಒಪ್ಪಿಕೊಂಡಿತು. ಅದೇ ವರ್ಷ ಡಿಸೆಂಬರ್‌ನಲ್ಲಿ ಲಿಡ್‌ಕಾಮ್ ಮತ್ತು ಲಿಡ್ಕರ್ ಜೊತೆ ಒಪ್ಪಂದ ಮಾಡಿಕೊಂಡು, 2,000 ಜೊತೆ ಚಪ್ಪಲಿಯನ್ನು ಮಹಾರಾಷ್ಟ್ರ ಮತ್ತು ಕರ್ನಾಟಕದಲ್ಲಿ ಮಾಡಿಸಿ ಜೊತೆಗೆ ಸುಮಾರು 800 ಯೂರೋದಂತೆ ಮಾರುವ ಯೋಜನೆ ಹೇಳಿತು. ನಮ್ಮ ರೂಪಾಯಿಯಲ್ಲಿ ಅದು 80 ಸಾವಿರಕ್ಕೂ ಮೇಲೆ.

ಈ ಸುದ್ದಿಯಿಂದ ಒಂದು ಸಂಗತಿ ಅರ್ಥ ಆಗುತ್ತದೆ. ನಮ್ಮ ಚಪ್ಪಲಿಗೆ ಗಿರಾಕಿ ಇಲ್ಲ ಅನ್ನೋದು ಸುಳ್ಳು. ಗಿರಾಕಿ ಇದ್ದಾರೆ, ಹುಡುಕುತ್ತಲೂ ಇದ್ದಾರೆ. ಹುಡುಕಿದವರು ಯಾರ ಬಾಗಿಲಿಗೆ ಬಂದು ಇಳಿಯುತ್ತಾರೆ ಅನ್ನೋದೇ ಪ್ರಶ್ನೆ. ಹೊಲಿದವರ ಬಾಗಿಲಿಗೋ, ಹೊಲಿದವರಿಂದ ಕಡಿಮೆ ಬೆಲೆಗೆ ಕೊಂಡು ಹೆಚ್ಚಿಗೆ ಮಾರುವವರ ಬಾಗಿಲಿಗೋ, ಇಲ್ಲವೇ ರೆಕ್ಸಿನ್ ಹಚ್ಚಿ ‘ಅಸಲಿ ಚರ್ಮ’ ಅಂತ ಮಾರುವವರ ಬಾಗಿಲಿಗೋ?

ಬಸ್ ನಿಲ್ದಾಣದ ಉದಾಹರಣೆ

ಮಿರಜ್ ಕಡೆಯಿಂದ ಕಾಗವಾಡದ ಮೇಲೆ ಹಾದು ಅಥಣಿಗೆ ಒಬ್ಬ ಹೊಸಬ ಬಂದ ಅಂತ ಇಟ್ಟುಕೊಳ್ಳಿ. ಕೆಂಪು ಬಸ್ಸಿನಿಂದ ಇಳಿದು, “ಮದುವೆಗೆ ಚರ್ಮದ ಚಪ್ಪಲಿ ಬೇಕಾಗಿತ್ತು, ಎಲ್ಲಿ ಸಿಗ್ತಾವ?” ಅಂತ ನಿಮ್ಮನ್ನು ಕೇಳಿದ. ನೀವು ಕೈ ಬೀಸಿ “ಇದಾ ನೋಡ್ರಿ ನಮ್ಮ ಪ್ಯಾಟಿ, ಹುಡುಕ್ಕೋರಿ” ಅಂದರೆ ಅವನು ಏನು ಮಾಡುತ್ತಾನೆ? ಹತ್ತು ನಿಮಿಷ ತಿರುಗಿ, ಚಹಾ ಕುಡಿದು, ವಾಪಸ್ ಬಸ್ ಹತ್ತುತ್ತಾನೆ. ಅದರ ಬದಲು ಕೈ ಹಿಡಿದು ಚಪ್ಪಲಿ ಹೊಲಿಯುವ ಮನೆಯ ಕಟ್ಟೆಗೆ ಕರೆದುಕೊಂಡು ಹೋಗಿ ಕೂರಿಸಿ, ಅವನು ಕೇಳಿದ ಚಪ್ಪಲಿಯನ್ನೇ ಕಾಲ ಮುಂದೆ ಇಟ್ಟರೆ?

ಇಳಿಯುವ ಪುಟ ಅಂದರೆ ಆ ಕಟ್ಟೆ. ವೆಬ್‌ಸೈಟಿನ ಮುಖಪುಟ ಅಥವಾ ಫೇಸ್‌ಬುಕ್ ಪ್ರೊಫೈಲ್ ಅಂದರೆ ಇಡೀ ಪೇಟೆ. ಪೇಟೆ ಕೆಟ್ಟದ್ದೇನಲ್ಲ, ತಿರುಗಾಡಲು ಬಂದವರಿಗೆ ಅದೇ ಸರಿ. ಆದರೆ ಜಾಹೀರಾತು ಒತ್ತಿ ಬಂದವನು ತಿರುಗಾಡಲು ಬಂದವನಲ್ಲ. ಅವನ ತಲೆಯಲ್ಲಿ ಒಂದೇ ಒಂದು ಪ್ರಶ್ನೆ ಇದೆ. ಆ ಪ್ರಶ್ನೆ ಹುಟ್ಟಿಸಿದ್ದು ನಿಮ್ಮ ಜಾಹೀರಾತೇ. ಅದಕ್ಕೆ ಉತ್ತರ ಮೊದಲ ತೆರೆಯಲ್ಲೇ ಸಿಗಬೇಕು.

ನಮ್ಮ ಭಾಗದಿಂದ ಹೋಗುವ ಜಾಹೀರಾತುಗಳನ್ನು ಕೆಲವು ದಿನ ಒತ್ತಿ ಒತ್ತಿ ನೋಡಿದೆವು. ಜಾಹೀರಾತಿನಲ್ಲಿ ಕೆಂಪು ಗೊಂಡೆಯ ಕಾಪಶಿ ಚಪ್ಪಲಿ. ಒತ್ತಿದರೆ ತೆರೆಯುವುದು ಮನೆಯ ಹುಡುಗನ ಪ್ರೊಫೈಲ್. ಮೇಲೆ ಶುಭೋದಯದ ಹೂವು, ಅದರ ಕೆಳಗೆ ಜಾತ್ರೆಯ ವಿಡಿಯೋ, ಆಮೇಲೆ ಗೆಳೆಯನ ಹುಟ್ಟುಹಬ್ಬದ ಬ್ಯಾನರ್. ಚಪ್ಪಲಿ ಎಲ್ಲೋ ಹನ್ನೆರಡನೇ ಪೋಸ್ಟಿನಲ್ಲಿ. ಅದರ ಕೆಳಗೆ ಮೂವತ್ತು ಮಂದಿ ‘ರೇಟ್ ಎಷ್ಟು?’ ಅಂತ ಕೇಳಿದ್ದಾರೆ. ಎಲ್ಲರಿಗೂ ಒಂದೇ ಉತ್ತರ: ‘ಇನ್‌ಬಾಕ್ಸ್ ಮಾಡಿ’.

ಬೆಲೆ ಮುಚ್ಚಿಟ್ಟರೆ ಗಿರಾಕಿ ಮಾತಿಗೆ ಸಿಗ್ತಾನೆ, ಮಾತಿಗೆ ಸಿಕ್ಕರೆ ಮಾಲು ಹೋಗ್ತದೆ ಅನ್ನೋದು ಹಳೆಯ ಅಂಗಡಿಯ ನಂಬಿಕೆ. ಅಂಗಡಿಯಲ್ಲಿ ಅದು ನಡೆಯುತ್ತದೆ, ಯಾಕಂದರೆ ಗಿರಾಕಿ ನಿಮ್ಮ ಕಣ್ಣೆದುರು ನಿಂತಿರುತ್ತಾನೆ. ಫೋನಿನಲ್ಲಿ ಅವನು ನಿಂತಿಲ್ಲ. ಅವನ ಹೆಬ್ಬೆರಳು ಈಗಾಗಲೇ ಮುಂದಿನ ವಿಡಿಯೋದ ಮೇಲಿದೆ.

ಒಂದು ಸಾವಿರ ರೂಪಾಯಿಯ ಲೆಕ್ಕ

ಇದು ಲೆಕ್ಕ ತಿಳಿಸಲು ನಾವು ಹಿಡಿದ ಅಂಕಿ, ಯಾರದೋ ಖಾತೆಯದ್ದಲ್ಲ. ಪೆನ್ನು ತಗೊಂಡು ನೀವೂ ಹಾಕಿ ನೋಡಿ.

ಜಾಹೀರಾತಿಗೆ 1,000 ರೂಪಾಯಿ ಹಾಕಿದಿರಿ. ಒಬ್ಬರು ಒತ್ತಿದರೆ 5 ರೂಪಾಯಿ ಖರ್ಚು ಅಂತ ಹಿಡಿಯಿರಿ. 200 ಮಂದಿ ಬಂದರು. ಒಂದು ಜೊತೆ ಮಾರಿದರೆ ಚರ್ಮ, ಕೂಲಿ, ಅಂಚೆ ಎಲ್ಲ ಕಳೆದು ನಿಮಗೆ 250 ರೂಪಾಯಿ ಉಳಿಯುತ್ತದೆ ಅಂತಲೂ ಹಿಡಿಯಿರಿ.

ಆ 200 ಮಂದಿಯಲ್ಲಿ ಇಬ್ಬರು ಕೊಂಡರೆ ನಿಮಗೆ ಬಂದದ್ದು 500. ಹಾಕಿದ್ದು 1,000. ನಷ್ಟ 500.

ಅದೇ 200 ಮಂದಿಯಲ್ಲಿ ಆರು ಜನ ಕೊಂಡರೆ ಬಂದದ್ದು 1,500. ಲಾಭ 500.

ಎರಡೂ ಕಡೆ ಜಾಹೀರಾತು ಅದೇ, ಫೋಟೋ ಅದೇ, ದುಡ್ಡು ಅದೇ. ನೂರಕ್ಕೆ ಒಬ್ಬರು ಕೊಳ್ಳುವ ಜಾಗದಲ್ಲಿ ನೂರಕ್ಕೆ ಮೂವರು ಕೊಂಡರು, ಅಷ್ಟೇ ಬದಲಾದದ್ದು. ಬಂದವರಲ್ಲಿ ಎಷ್ಟು ಮಂದಿ ಗಿರಾಕಿಗಳಾದರು ಅನ್ನುವ ಈ ಪ್ರಮಾಣಕ್ಕೆ ‘ಕನ್ವರ್ಶನ್’ ಅಂತಾರೆ. ಇದನ್ನು ಹೆಚ್ಚಿಸಲು ಎರಡು ದಾರಿ: ಸರಿಯಾದ ಜನರಿಗೆ ತೋರಿಸೋದು, ಬಂದವರನ್ನು ಸರಿಯಾದ ಕಡೆ ಇಳಿಸೋದು. ಮೊದಲನೆಯದಕ್ಕೆ ದುಡ್ಡೂ ಕಲಿಕೆಯೂ ಬೇಕು. ಎರಡನೆಯದಕ್ಕೆ ಒಂದು ಮಧ್ಯಾಹ್ನದ ಕೆಲಸ ಸಾಕು.

ದೊಡ್ಡ ಕಂಪನಿಗೆ 500 ರೂಪಾಯಿ ನಷ್ಟ ಅಂದರೆ ಏನೂ ಅಲ್ಲ. ಮಳೆಗಾಲದಲ್ಲಿ ಚರ್ಮದ ಚಪ್ಪಲಿಗೆ ಬೇಡಿಕೆ ಇಳಿದು ಕೈ ಖಾಲಿ ಕೂತ ಮನೆಗೆ ಅದು ಒಂದು ವಾರದ ಕಿರಾಣಿ.

ಒಂದು ಪುಟ ಕಟ್ಟಿದ ಬಗೆ

ಅಥಣಿ ತಾಲೂಕಿನ ಒಂದು ಮನೆಯ ಕಟ್ಟೆಯ ಮೇಲೆ ಕೂತು ಇಂಥದೊಂದು ಪುಟಕ್ಕೆ ಬರೆದುಕೊಟ್ಟೆವು. ಆ ಕುಟುಂಬದ ಹೆಸರು ಇಲ್ಲಿ ಬೇಡ. ನಮಗೆ ನೆರವಾದದ್ದು ಕಾಲೇಜಿನ ಮೊದಲ ಪಾಠ. ಸುದ್ದಿ ಬರೆಯುವಾಗ ಯಾರು, ಏನು, ಎಲ್ಲಿ, ಯಾವಾಗ, ಏಕೆ, ಹೇಗೆ ಅನ್ನುವ ಆರು ಪ್ರಶ್ನೆಗೆ ಉತ್ತರ ಕೊಡಬೇಕು ಅಂತ ಹೇಳಿಕೊಟ್ಟಿದ್ದರು. ತಲೆಬರಹ ಒಂದು, ಒಳಗಿನ ಸುದ್ದಿ ಇನ್ನೊಂದು ಆದರೆ ಓದುಗ ಮತ್ತೆ ನಮ್ಮನ್ನು ನಂಬುವುದಿಲ್ಲ ಅಂತಲೂ ಹೇಳಿಕೊಟ್ಟಿದ್ದರು. ಜಾಹೀರಾತು ತಲೆಬರಹ, ಇಳಿಯುವ ಪುಟ ಸುದ್ದಿ. ತಲೆಬರಹದ ಮಾತನ್ನು ಸುದ್ದಿ ಉಳಿಸಿಕೊಳ್ಳಬೇಕು.

ಏನು? ಜಾಹೀರಾತಿನಲ್ಲಿ ಇದ್ದ ಫೋಟೋವನ್ನೇ ಪುಟದ ಮೇಲೆ ಇಟ್ಟೆವು. ಅದೇ ಚಪ್ಪಲಿ, ಅದೇ ಬಣ್ಣ. ಒತ್ತಿದವನಿಗೆ ‘ಸರಿಯಾದ ಜಾಗಕ್ಕೇ ಬಂದೆ’ ಅನ್ನೋದು ಓದುವ ಮುಂಚೆಯೇ ಗೊತ್ತಾಗಬೇಕು. ಫೋಟೋ ತೆಗೆದದ್ದು ಬೆಳಗಿನ ಬಿಸಿಲಲ್ಲಿ, ಸಾದಾ ಗೋಣಿಚೀಲದ ಮೇಲೆ ಇಟ್ಟು. ಮೇಲಿನದೊಂದು, ಪಕ್ಕದ್ದೊಂದು, ಅಡಿಭಾಗದ್ದೊಂದು, ಕಾಲಿಗೆ ಹಾಕಿದ್ದೊಂದು.

ಎಷ್ಟು? ಬೆಲೆಯನ್ನು ಫೋಟೋದ ಕೆಳಗೇ ಬರೆದೆವು, ಅಂಚೆ ಖರ್ಚು ಸೇರಿಸಿ. ಮನೆಯ ಹಿರಿಯರು ಒಪ್ಪಲಿಲ್ಲ. “ರೇಟ್ ಮೊದ್ಲಾ ಹೇಳಿದ್ರ ಓಡಿ ಹೊಕ್ಕಾರ” ಅಂದರು. ಅವರ ಸೊಸೆ, ಚಪ್ಪಲಿಯ ಜಡೆ ಹೆಣೆಯುತ್ತ ಕೂತಿದ್ದವರು, ತಲೆ ಎತ್ತದೆ ಅಂದರು: “ಓಡಿ ಹೋಗೋರು ಮೊದ್ಲಾ ಹೋಗ್ಲಿ ಬಿಡ್ರಿ. ದಿನಾ ಐವತ್ತ ಮಂದಿಗೆ ಉತ್ತರಾ ಬರಿಯೂದು ತಪ್ಪತೈತಿ.” ಬೆಲೆ ಉಳಿಯಿತು.

ಯಾರು, ಎಲ್ಲಿ? ‘ಕೊಲ್ಹಾಪುರಿ ಚಪ್ಪಲಿ, ಅಥಣಿಯಲ್ಲಿ ಕೈಯಿಂದ ಹೊಲಿದದ್ದು’ ಅಂತ ಮೊದಲ ಸಾಲು. ಗಿರಾಕಿ ಹುಡುಕುವುದು ಕೊಲ್ಹಾಪುರಿ ಅನ್ನುವ ಹೆಸರನ್ನು. ಅದನ್ನು ಬಿಟ್ಟರೆ ಅವನಿಗೆ ನಾವು ಸಿಗುವುದಿಲ್ಲ. ಅಥಣಿ ಅನ್ನುವುದು ನಿಜ. ಅದನ್ನು ಬಿಟ್ಟರೆ ನಮಗೆ ನಾವೇ ಸಿಗುವುದಿಲ್ಲ. ಎರಡನ್ನೂ ಒಂದೇ ಸಾಲಿನಲ್ಲಿ ಇಟ್ಟೆವು.

ಹೇಗೆ? ಇಲ್ಲಿ ನಮ್ಮವರ ಕಸುಬೇ ಮಾತಾಡುತ್ತದೆ. ಜಾಲಿ ತೊಗಟೆ ಮತ್ತು ಅಳಲೆಕಾಯಿ ಹಾಕಿ ಹದ ಮಾಡಿದ ಚರ್ಮ. ಅಟ್ಟೆಗೆ ಎಮ್ಮೆಯ ಚರ್ಮ. ಮೊಳೆ ಇಲ್ಲದೆ ಚರ್ಮದ ದಾರದಿಂದಲೇ ಹೊಲಿಗೆ. ಮೂರು ಸಾಲು, ಅಷ್ಟೇ. ರೆಕ್ಸಿನ್ ಚಪ್ಪಲಿ ಮಾರುವವನು ಈ ಮೂರು ಸಾಲನ್ನು ನಿಜವಾಗಿ ಬರೆಯಲಾರ.

ಅನುಮಾನಗಳು? ಸುದ್ದಿ ಬರೆಯುವಾಗ ಓದುಗ ಕೇಳಬಹುದಾದ ಪ್ರಶ್ನೆಯನ್ನು ಮೊದಲೇ ಊಹಿಸುತ್ತೇವೆ. ಇಲ್ಲೂ ಹಾಗೆಯೇ. ಅಳತೆ ಹೇಗೆ ಕೊಡಬೇಕು? ಬಿಳಿ ಹಾಳೆಯ ಮೇಲೆ ಕಾಲಿಟ್ಟು ಪೆನ್ಸಿಲ್‌ನಿಂದ ಗೆರೆ ಎಳೆದು, ಹಿಮ್ಮಡಿಯಿಂದ ಹೆಬ್ಬೆರಳಿನ ತುದಿಯವರೆಗೆ ಎಷ್ಟು ಸೆಂಟಿಮೀಟರ್ ಅಂತ ಹೇಳಿ. ಕಚ್ಚುತ್ತದೆಯೇ? ಹೊಸತರಲ್ಲಿ ಸ್ವಲ್ಪ ಬಿಗಿ ಇರುತ್ತದೆ, ಎಣ್ಣೆ ಹಚ್ಚಿ ದಿನಕ್ಕೆ ಸ್ವಲ್ಪ ಹೊತ್ತು ಹಾಕಿಕೊಂಡರೆ ಕಾಲಿಗೆ ಹೊಂದುತ್ತದೆ. ಮಳೆಯಲ್ಲಿ? ಹಾಕಬೇಡಿ, ನೆನೆದರೆ ನೆರಳಲ್ಲಿ ಒಣಗಿಸಿ. ಅಳತೆ ಸರಿಯಾಗದಿದ್ದರೆ? ಬದಲಿ ಕೊಡುತ್ತೇವೆ, ಇಷ್ಟು ದಿನದ ಒಳಗೆ, ಕಳಿಸುವ ಖರ್ಚು ಇವರದ್ದು.

‘ಮಳೆಯಲ್ಲಿ ಹಾಕಬೇಡಿ’ ಅಂತ ಬರೆದರೆ ಗಿರಾಕಿ ಹಿಂದೆ ಸರಿಯುವುದಿಲ್ಲವೇ ಅಂತ ಮನೆಯ ಹುಡುಗ ಕೇಳಿದ. ಹಾಗಲ್ಲ. ತನ್ನ ಮಾಲಿನ ಮಿತಿಯನ್ನು ತಾನೇ ಹೇಳುವವನ ಉಳಿದ ಮಾತನ್ನು ಜನ ನಂಬುತ್ತಾರೆ. ಮೇಲಾಗಿ, ನೆನೆಸಿ ಕೆಡಿಸಿಕೊಂಡು ವಾಪಸ್ ಕಳಿಸುವ ಗಿರಾಕಿಗಿಂತ ಕೊಳ್ಳದ ಗಿರಾಕಿ ಮೇಲು.

ಕೊನೆಗೆ ಒಂದೇ ಗುಂಡಿ: ‘ವಾಟ್ಸಾಪ್‌ನಲ್ಲಿ ಅಳತೆ ಕಳಿಸಿ’. ಫೇಸ್‌ಬುಕ್ ಕೊಂಡಿ, ಯೂಟ್ಯೂಬ್ ಕೊಂಡಿ, ‘ನಮ್ಮ ಬಗ್ಗೆ’, ‘ಗ್ಯಾಲರಿ’ ಏನೂ ಇಲ್ಲ. ಇದು ಮೊದಲಿಗೆ ಬಡ ಪುಟ ಅನ್ನಿಸಿತು ಅವರಿಗೆ. ಆದರೆ ಕಟ್ಟೆಯ ಮೇಲೆ ಕೂತ ಗಿರಾಕಿಗೆ ನಾವು ಊರಿನ ಉಳಿದ ಬೀದಿಗಳ ದಾರಿ ಹೇಳುತ್ತಾ ಕೂರುವುದಿಲ್ಲ. ಪ್ರತಿ ಹೆಚ್ಚುವರಿ ಕೊಂಡಿಯೂ ಹೊರಗೆ ಹೋಗುವ ಒಂದು ಬಾಗಿಲು.

ಒಂದು ಜಾಹೀರಾತಿಗೆ ಒಂದು ಪುಟ

ಒಂದೇ ಮನೆಯಲ್ಲಿ ಹಲವು ನಮೂನೆ ಮಾಡುತ್ತಾರೆ. ಕಾಪಶಿ, ಪುಕಾರಿ, ಬಕ್ಕಲನಾಳಿ, ಕುರುಂದವಾಡ ಎಂದು ಒಂದೊಂದಕ್ಕೂ ಒಂದೊಂದು ಹೆಸರು, ಒಂದೊಂದು ಗಿರಾಕಿ. ಎಲ್ಲವನ್ನೂ ಒಂದೇ ಪುಟಕ್ಕೆ ತುಂಬಿದರೆ ಅದು ಮತ್ತೆ ಪೇಟೆಯಾಗುತ್ತದೆ. ಮದುವೆಯ ಚಪ್ಪಲಿಗೆ ಜಾಹೀರಾತು ಕೊಟ್ಟರೆ ಮದುವೆಯ ಪುಟ. ಹೆಣ್ಣುಮಕ್ಕಳ ಹಗುರ ಚಪ್ಪಲಿಗೆ ಅದರದ್ದೇ ಪುಟ. ಐವತ್ತು ಜೊತೆ ಒಟ್ಟಿಗೆ ಕೊಳ್ಳುವ ಅಂಗಡಿಯವರಿಗೆ ಬೇರೆಯೇ ಪುಟ, ಯಾಕಂದರೆ ಅವರ ಪ್ರಶ್ನೆಗಳೇ ಬೇರೆ: ಎಷ್ಟು ದಿನಕ್ಕೆ ಕೊಡುತ್ತೀರಿ, ಅಳತೆಗಳು ಎಷ್ಟು, ಬಿಲ್ ಸಿಗುತ್ತದೆಯೇ.

ಭಾಷೆಯೂ ಹಾಗೆಯೇ. ನಿಪ್ಪಾಣಿ, ಚಿಕ್ಕೋಡಿ ಕಡೆ ಕನ್ನಡ, ಮರಾಠಿ ಎರಡೂ ನಮ್ಮ ನಾಲಿಗೆಯ ಮೇಲಿವೆ. ಇದು ಬಲ, ಜಗಳದ ಕಾರಣ ಅಲ್ಲ. ಪುಣೆಯವರಿಗೆ ಮರಾಠಿಯಲ್ಲಿ ಜಾಹೀರಾತು ಕೊಟ್ಟರೆ ಒಳಗಿನ ಪುಟವೂ ಮರಾಠಿಯಲ್ಲಿರಲಿ. ಹುಬ್ಬಳ್ಳಿಯವರಿಗೆ ಕನ್ನಡದ್ದು. ಜಾಹೀರಾತು ಕನ್ನಡದಲ್ಲಿದ್ದು ಪುಟ ಇಂಗ್ಲಿಷ್‌ನಲ್ಲಿ ತೆರೆದರೆ, ಬಾಗಿಲಲ್ಲಿ ಕರೆದವರೇ ಬೇರೆ, ಒಳಗೆ ಕೂತವರೇ ಬೇರೆ ಅನ್ನಿಸುತ್ತದೆ.

ಈ ಹೊಂದಾಣಿಕೆಯನ್ನು ಜಾಹೀರಾತು ಕಂಪನಿಗಳೂ ಅಳೆಯುತ್ತವೆ. ಗೂಗಲ್ ತನ್ನ ಹುಡುಕಾಟದ ಜಾಹೀರಾತಿಗೆ 1ರಿಂದ 10ರವರೆಗೆ ಗುಣಾಂಕ ಕೊಡುತ್ತದೆ. ಅದರ ಮೂರು ಭಾಗಗಳಲ್ಲಿ ಒಂದು, ಇಳಿಯುವ ಪುಟದ ಅನುಭವ ಹೇಗಿದೆ ಅನ್ನೋದು. ಪುಟ ಚೆನ್ನಾಗಿದ್ದು ಜಾಹೀರಾತಿಗೆ ಹೊಂದಿದರೆ ಒಂದೊಂದು ಕ್ಲಿಕ್ಕಿನ ಖರ್ಚು ಕಡಿಮೆಯಾಗಲು ದಾರಿ ಇದೆ.

ಫೋನು ನಿಧಾನ, ತಾಳ್ಮೆ ಕಡಿಮೆ

2016ರಲ್ಲಿ ಗೂಗಲ್ ಒಂದು ಅಧ್ಯಯನ ಹೊರತಂದಿತು. ಪುಟ ತೆರೆಯಲು ಮೂರು ಸೆಕೆಂಡಿಗಿಂತ ಹೆಚ್ಚು ಹಿಡಿದರೆ ಮೊಬೈಲ್‌ನಲ್ಲಿ ಬಂದವರ ಪೈಕಿ 53 ಪ್ರತಿಶತ ಭೇಟಿಗಳು ಅಲ್ಲಿಗೇ ಮುಗಿಯುತ್ತವೆ ಅಂತ ಅದು ಹೇಳಿತು. ಅಂದರೆ ಅರ್ಧಕ್ಕೂ ಹೆಚ್ಚು ಗಿರಾಕಿಗಳು ಚಪ್ಪಲಿ ನೋಡುವ ಮುಂಚೆಯೇ ಹೋಗುತ್ತಾರೆ, ಅವರ 5 ರೂಪಾಯಿ ನಿಮ್ಮ ಖಾತೆಯಿಂದ ಹೋದ ಮೇಲೆ.

ಫೇಸ್‌ಬುಕ್‌ನ ಜಾಹೀರಾತು ಲೆಕ್ಕದಲ್ಲಿ ಎರಡು ಅಂಕಿ ಬೇರೆ ಬೇರೆ ತೋರಿಸುತ್ತಾರೆ. ಒಂದು ‘ಲಿಂಕ್ ಕ್ಲಿಕ್’, ಇನ್ನೊಂದು ‘ಲ್ಯಾಂಡಿಂಗ್ ಪೇಜ್ ವ್ಯೂ’. ಮೊದಲನೆಯದು ಒತ್ತಿದವರ ಸಂಖ್ಯೆ, ಎರಡನೆಯದು ಪುಟ ಪೂರ್ತಿ ತೆರೆಯುವವರೆಗೆ ಕಾದವರ ಸಂಖ್ಯೆ. ಎರಡನೆಯದು ಕಾಣಬೇಕಾದರೆ ಪುಟದಲ್ಲಿ ‘ಪಿಕ್ಸೆಲ್’ ಎಂಬ ಸಣ್ಣ ಕೋಡ್ ಹಾಕಿರಬೇಕು. ಎರಡರ ನಡುವೆ ದೊಡ್ಡ ಅಂತರ ಇದ್ದರೆ ನಿಮ್ಮ ಪುಟ ಭಾರವಾಗಿದೆ ಅನ್ನುವ ಅನುಮಾನ ಪಡಿ. ಮಾಡಬೇಕಾದ್ದು ಸುಲಭ: ಫೋಟೋಗಳ ಗಾತ್ರ ಇಳಿಸಿ, ತಾನಾಗಿ ಓಡುವ ವಿಡಿಯೋ ತೆಗೆಯಿರಿ, ಹಾಡು ಬೇಡ. ಗೂಗಲ್‌ನ ‘ಪೇಜ್‌ಸ್ಪೀಡ್ ಇನ್‌ಸೈಟ್ಸ್’ನಲ್ಲಿ ನಿಮ್ಮ ಪುಟದ ವಿಳಾಸ ಹಾಕಿದರೆ ಅದು ಪುಕ್ಕಟೆಯಾಗಿ ಪರೀಕ್ಷೆ ಮಾಡಿ ಹೇಳುತ್ತದೆ.

ವೆಬ್‌ಸೈಟ್ ಇಲ್ಲದವರು ಏನು ಮಾಡಬೇಕು? ಗೂಗಲ್ ಸೈಟ್ಸ್‌ನಲ್ಲಿ ದುಡ್ಡಿಲ್ಲದೆ ಒಂದು ಪುಟ ಮಾಡಬಹುದು. ಅದೂ ಬೇಡ ಅಂದರೆ ಜಾಹೀರಾತು ನೇರ ವಾಟ್ಸಾಪ್‌ಗೆ ತೆರೆಯುವ ಹಾಗೆ ಇಡಬಹುದು. ಆಗ ಇಳಿಯುವ ಪುಟ ಅಂದರೆ ನಿಮ್ಮ ಮೊದಲ ಸಂದೇಶವೇ. ವಾಟ್ಸಾಪ್ ಬಿಸಿನೆಸ್‌ನಲ್ಲಿ ತಾನಾಗಿ ಹೋಗುವ ಸ್ವಾಗತ ಸಂದೇಶ ಇಡಲು ಬರುತ್ತದೆ. ಅಲ್ಲಿ ‘ನಮಸ್ಕಾರ, ಹೇಗಿದ್ದೀರಿ’ ಅಂತ ನಿಲ್ಲಿಸಬೇಡಿ. ಜಾಹೀರಾತಿನ ಚಪ್ಪಲಿಯ ಬೆಲೆ, ಅಳತೆ ಕೊಡುವ ಬಗೆ, ತಲುಪುವ ದಿನ ಅಲ್ಲೇ ಬರೆಯಿರಿ. ಕ್ಯಾಟಲಾಗ್‌ನಲ್ಲಿ ಅದೇ ಚಪ್ಪಲಿ ಇರಲಿ.

ನಂಬಿಕೆ ಹೋದರೆ ಎಲ್ಲರದ್ದೂ ಹೋಗುತ್ತದೆ

ಇಂಥ ಪುಟಗಳಲ್ಲಿ ಗಿರಾಕಿಯನ್ನು ಅವಸರ ಮಾಡಿಸುವ ಚಟ ಒಂದಿದೆ. ‘ಇನ್ನು 2 ಜೊತೆ ಮಾತ್ರ’, ‘ಹತ್ತು ನಿಮಿಷದಲ್ಲಿ ಆಫರ್ ಮುಗಿಯುತ್ತದೆ’ ಅಂತ ಗಡಿಯಾರ ಓಡಿಸುತ್ತಾರೆ. ಅದು ಸುಳ್ಳಾದರೆ ಈಗ ಕಾನೂನಿಗೂ ವಿರುದ್ಧ. 2023ರ ನವೆಂಬರ್‌ನಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಇಂಥ ಮೋಸದ ವಿನ್ಯಾಸಗಳನ್ನು ಪಟ್ಟಿ ಮಾಡಿ ನಿಷೇಧಿಸಿದೆ. ಸುಳ್ಳು ಅವಸರ ಅದರಲ್ಲಿ ಒಂದು. ಮಾರುವವರ ಹೆಸರು, ವಿಳಾಸ, ಒಟ್ಟು ಬೆಲೆ, ವಾಪಸಾತಿ ನಿಯಮ ಗಿರಾಕಿಗೆ ಗೊತ್ತಾಗಬೇಕು ಅನ್ನೋದು 2020ರ ಇ-ಕಾಮರ್ಸ್ ಗ್ರಾಹಕ ನಿಯಮಗಳಲ್ಲೂ ಇದೆ. ಕೈಯಿಂದ ಹೊಲಿಯುವ ಮನೆಗೆ ಸುಳ್ಳು ಅವಸರ ಬೇಕೂ ಇಲ್ಲ. ‘ಆರ್ಡರ್ ಕೊಟ್ಟ ಮೇಲೆ ಹೊಲಿಯುತ್ತೇವೆ, ಎಂಟು ದಿನ ಬೇಕು’ ಅನ್ನುವ ನಿಜವೇ ಅಲ್ಲಿ ಒಳ್ಳೆಯ ಜಾಹೀರಾತು.

ಜಿಐ ವಿಷಯದಲ್ಲೂ ಎಚ್ಚರ ಬೇಕು. ಟ್ಯಾಗ್ ಎಂಟು ಜಿಲ್ಲೆಗೆ ಸಿಕ್ಕಿದೆ ನಿಜ. ಆದರೆ ಅಧಿಕೃತ ಬಳಕೆದಾರರಾಗಿ ನೋಂದಾಯಿಸಿಕೊಳ್ಳುವ ವ್ಯವಸ್ಥೆ 1999ರ ಜಿಐ ಕಾಯ್ದೆಯಲ್ಲೇ ಇದೆ. ನೋಂದಣಿ ಮಾಡಿಸಿಕೊಂಡು ಪುಟದಲ್ಲಿ ಹಾಕಿದರೆ ಆ ಗುರುತಿಗೆ ಬೆಲೆ.

ಗಿರಾಕಿಯೇ ಮೋಸಗಾರ ಆಗುವುದೂ ಉಂಟು. ‘ನಿಮಗೆ ದುಡ್ಡು ಕಳಿಸುತ್ತಿದ್ದೇನೆ, ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಹಾಕಿ’ ಅಂತ ಕೇಳುತ್ತಾರೆ. ಯುಪಿಐನಲ್ಲಿ ದುಡ್ಡು ಪಡೆಯಲು ಪಿನ್ ಬೇಕಿಲ್ಲ. ಪಿನ್ ಹಾಕಿದರೆ ನಿಮ್ಮ ದುಡ್ಡು ಹೋಗುತ್ತದೆ. ಫೋನ್ ಹಿಡಿಯುವ ಪ್ರತಿಯೊಬ್ಬರಿಗೂ ಇದು ಗೊತ್ತಿರಲಿ.

ಹೆಸರು ಹಾಕುವ ಧೈರ್ಯ

ಪುಟ ಕಟ್ಟುವಾಗ ಎಲ್ಲಕ್ಕಿಂತ ಕಷ್ಟದ ಮಾತು ಬಂದದ್ದು ಬೆಲೆಯದ್ದಲ್ಲ, ಹೆಸರಿನದ್ದು. ಹೊಲಿಯುವವರ ಹೆಸರು, ಮುಖ ಪುಟದಲ್ಲಿ ಇದ್ದರೆ ಗಿರಾಕಿಗೆ ನಂಬಿಕೆ ಹೆಚ್ಚು ಅಂತ ನಾವು ಹೇಳಿದೆವು. ಮನೆಯವರು ಸ್ವಲ್ಪ ಹೊತ್ತು ಸುಮ್ಮನಾದರು. ಚರ್ಮ ಹದ ಮಾಡುವ ಢೋರರು, ಚಪ್ಪಲಿ ಹೊಲಿಯುವ ಸಮಗಾರರು ಈ ನೆಲದಲ್ಲಿ ಏನೇನು ಅನುಭವಿಸಿದ್ದಾರೆ ಅನ್ನೋದನ್ನು ಬಿಡಿಸಿ ಹೇಳಬೇಕಿಲ್ಲ. ಬಸವಣ್ಣನ ಕಾಲದ ಹರಳಯ್ಯ, ಕಲ್ಯಾಣಮ್ಮರ ಕತೆಯನ್ನು ಊರೂರಲ್ಲಿ ಭಕ್ತಿಯಿಂದ ಹೇಳುತ್ತೇವೆ. ಅದೇ ಊರುಗಳಲ್ಲಿ ಅವರ ಕಸುಬಿನವರ ಮನೆಯ ನೀರು ಕುಡಿಯಲು ಹಿಂಜರಿದವರೂ ಇದ್ದಾರೆ. “ಹೆಸರ ಹಾಕಿದ್ರ ಚಪ್ಪಲಿ ಹೊಕ್ಕಾವು, ಮಗಳ ಕಾಲೇಜನ್ಯಾಗ ಏನಂತಾರೋ” ಅಂದರು ತಾಯಿ.

ನಾವು ಒತ್ತಾಯ ಮಾಡಲಿಲ್ಲ. ಕೊನೆಗೆ ಅವರೇ ಒಂದು ದಾರಿ ಕಂಡುಕೊಂಡರು: ಹೊಲಿಯುವ ಕೈಗಳ ಫೋಟೋ, ಊರಿನ ಹೆಸರು, ಎಷ್ಟು ತಲೆಮಾರಿನಿಂದ ಈ ಕೆಲಸ ಅನ್ನುವ ಒಂದು ಸಾಲು. ಮುಖ ಹಾಕುವ ದಿನ ಅವರೇ ಹಾಕುತ್ತಾರೆ. ಮಾರ್ಕೆಟಿಂಗ್ ಹೇಳಿಕೊಡುವವರು ‘ನಿಮ್ಮ ಕತೆ ಹೇಳಿ’ ಅಂತ ಸುಲಭವಾಗಿ ಹೇಳಿಬಿಡುತ್ತಾರೆ. ಕತೆ ಹೇಳಿದ ಮೇಲೆ ಊರಲ್ಲಿ ಬದುಕಬೇಕಾದವರು ಯಾರು ಅನ್ನೋದನ್ನೂ ನೋಡಬೇಕು.

ಆದರೂ ಇನ್ನೊಂದು ಮಗ್ಗುಲು ಇದೆ. ಅಥಣಿಯಲ್ಲಿ 1990ರ ದಶಕದ ಕೊನೆಗೆ ಶುರುವಾದ ಟೋಹೋಲ್ಡ್ ಎಂಬ ಕುಶಲಕರ್ಮಿಗಳ ಕೂಟದಲ್ಲಿ ಮಹಿಳಾ ಸ್ವಸಹಾಯ ಸಂಘಗಳು ಸೇರಿ ತಮ್ಮದೇ ಬ್ರ್ಯಾಂಡ್‌ನಲ್ಲಿ ವಿದೇಶಕ್ಕೆ ಚಪ್ಪಲಿ ಕಳಿಸಿದವು. ಜಡೆ ಹೆಣೆಯುವ ಹೆಣ್ಣುಮಕ್ಕಳು ಕೂಲಿಯವರಾಗಿ ಉಳಿಯದೆ ಮಾರುವವರೂ ಆಗಬಹುದು ಅನ್ನೋದಕ್ಕೆ ನಮ್ಮ ನೆಲದಲ್ಲೇ ಸಾಕ್ಷಿ ಇದೆ. ಮಧ್ಯವರ್ತಿಯ ಅಂಗಡಿಯಲ್ಲಿ ಚಪ್ಪಲಿಗೆ ಊರೂ ಇಲ್ಲ, ಹೆಸರೂ ಇಲ್ಲ. ಸ್ವಂತ ಪುಟದಲ್ಲಿ ಎರಡೂ ಇರಬಹುದು, ಬೇಕಾದಷ್ಟು, ಬೇಕಾದಾಗ.

ಚಪ್ಪಲಿಗಷ್ಟೇ ಅಲ್ಲ

ರಾಯಬಾಗದ ಬೆಲ್ಲದವರಿಗೂ, ಚಿಕ್ಕೋಡಿಯಲ್ಲಿ ಟ್ರ್ಯಾಕ್ಟರ್ ಬಾಡಿಗೆಗೆ ಕೊಡುವವರಿಗೂ, ಹೊಲಿಗೆ ಕ್ಲಾಸ್ ನಡೆಸುವ ಅಕ್ಕನಿಗೂ ಇದೇ ಲೆಕ್ಕ. ಬೆಲ್ಲದ ಜಾಹೀರಾತು ಒತ್ತಿದವನಿಗೆ ಬೆಲ್ಲವೇ ಕಾಣಲಿ: ಎಷ್ಟು ಕಿಲೋದ ಪೆಂಟಿ, ರಾಸಾಯನಿಕ ಹಾಕಿದ್ದೋ ಇಲ್ಲವೋ, ಯಾವ ಗಾಣದ್ದು, ಮನೆಗೆ ತಲುಪುವ ಬೆಲೆ ಎಷ್ಟು. ಹೊಲಿಗೆ ಕ್ಲಾಸಿನ ಜಾಹೀರಾತಿಗೆ ಸಮಯ, ಶುಲ್ಕ, ಜಾಗ, ಒಂದು ಫೋನ್ ಗುಂಡಿ.

ಎಲ್ಲ ಒಂದೇ ಸಲ ಸರಿ ಮಾಡಲು ಹೋಗಬೇಡಿ. ಒಂದು ವಾರ ಒಂದೇ ಬದಲಾವಣೆ ಮಾಡಿ. ಈ ವಾರ ಬೆಲೆ ಮೇಲೆ ಬರೆದು ನೋಡಿ. ಮುಂದಿನ ವಾರ ಮೊದಲ ಫೋಟೋ ಬದಲಿಸಿ. ಎಷ್ಟು ಮಂದಿ ಬಂದರು, ಎಷ್ಟು ಮಂದಿ ಅಳತೆ ಕಳಿಸಿದರು, ಎಷ್ಟು ಮಂದಿ ದುಡ್ಡು ಕೊಟ್ಟರು, ಈ ಮೂರನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಎರಡನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಗಿರಾಕಿ ಬಂದ ಅಂತ ಗೊತ್ತಾಗುವುದಿಲ್ಲ.

ಮುಂದಿನ ಸಲ ಬೂಸ್ಟ್ ಒತ್ತುವ ಮುಂಚೆ ಒಂದು ಕೆಲಸ ಮಾಡಿ. ಮನೆಯ ಬೇರೆ ಯಾರದ್ದಾದರೂ ಫೋನ್ ತಗೊಂಡು, ವೈಫೈ ಬಿಟ್ಟು ಹೊಲದ ಬದುವಿಗೆ ಹೋಗಿ, ನಿಮ್ಮ ಜಾಹೀರಾತಿನ ಕೊಂಡಿಯನ್ನು ನೀವೇ ಒತ್ತಿ. ಎಷ್ಟು ಹೊತ್ತಿಗೆ ತೆರೆಯಿತು? ಜಾಹೀರಾತಿನ ಮಾಲು ಕಂಡಿತೇ? ಬೆಲೆ ಇದೆಯೇ? ಕೊಳ್ಳಬೇಕೆಂದರೆ ಎಲ್ಲಿ ಒತ್ತಬೇಕು? ಈ ನಾಲ್ಕಕ್ಕೂ ಕೈಯಲ್ಲಿರುವ ಫೋನೇ ಉತ್ತರ ಕೊಟ್ಟರೆ ದುಡ್ಡು ಹಾಕಿ. ಇಲ್ಲದಿದ್ದರೆ ಆ ಸಾವಿರ ರೂಪಾಯಿ ಸದ್ಯಕ್ಕೆ ಮನೆಯಲ್ಲೇ ಇರಲಿ, ಮೊದಲು ಪುಟ ಸರಿ ಮಾಡಿ.